ಲಸಿಕೆ ಫ್ರಿಡ್ಜ್‌ಗೆ ಡೇಟಾ ಲಾಗರ್: ಎಷ್ಟು ನಿಮಿಷಕ್ಕೊಂದು ರೀಡಿಂಗ್ ಇಡಬೇಕು?

ತಂಪುಪೆಟ್ಟಿಗೆ:
ಎಲ್ಲರಿಗೂ ನಮಸ್ಕಾರ. ಲಸಿಕೆ, ಇನ್ಸುಲಿನ್ ಇಡುವ ಫ್ರಿಡ್ಜ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಈಗ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಥರ್ಮಾಮೀಟರ್ ನೋಡಿ ರಿಜಿಸ್ಟರ್‌ನಲ್ಲಿ ಬರೆಯುತ್ತೇವೆ. ಯಾವಾಗ ನೋಡಿದರೂ 4 ಇಲ್ಲ 5 ಡಿಗ್ರಿ ಇರುತ್ತದೆ. ಆದರೆ ನಡುರಾತ್ರಿ ಏನಾಗುತ್ತಿದೆ ಅಂತ ಯಾರಿಗೂ ಗೊತ್ತಿಲ್ಲ, ಅದೇ ಚಿಂತೆ. ಹಾಗಾಗಿ ಡೇಟಾ ಲಾಗರ್ (ತಾನೇ ಆಗಾಗ ಅಳೆದು ಮೆಮೊರಿಯಲ್ಲಿ ಬರೆದಿಡುವ ಸಾಧನ) ತರಿಸೋಣ ಅಂತಿದ್ದೇವೆ. ಎಷ್ಟು ನಿಮಿಷಕ್ಕೊಂದು ರೀಡಿಂಗ್ ಇಟ್ಟರೆ ಸರಿ? ತೀರಾ ಹತ್ತಿರ ಹತ್ತಿರ ಇಟ್ಟರೆ ಮೆಮೊರಿ ಬೇಗ ತುಂಬುತ್ತಾ? ಸೆನ್ಸರ್ ಒಳಗೆ ಎಲ್ಲಿಟ್ಟರೂ ನಡೆಯುತ್ತಾ? ಎಲೆಕ್ಟ್ರಾನಿಕ್ ಬೋರ್ಡ್ ತಂದು ಲಾಗರನ್ನು ನಾವೇ ಮಾಡಿಕೊಳ್ಳೋಣ ಅಂತ ಸ್ನೇಹಿತರೊಬ್ಬರು ಹೇಳುತ್ತಿದ್ದಾರೆ, ಅದು ಆಗುತ್ತಾ?

ಗ್ರಾಫ್‌ಪ್ರಿಯ:
5 ನಿಮಿಷ ಇಡಿ. ದಿನಕ್ಕೆ 288 ರೀಡಿಂಗ್ ಆಗುತ್ತದೆ, 16,000 ರೀಡಿಂಗ್ ಹಿಡಿಯುವ ಲಾಗರ್ ಆದರೆ 55 ದಿನ ಬರುತ್ತದೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಲಸಿಕೆಗೆ ಕನಿಷ್ಠ 30 ನಿಮಿಷಕ್ಕೊಂದು ರೀಡಿಂಗ್ ಇರಲಿ ಎನ್ನುತ್ತದೆ, ಆದರೆ ಕಂಪ್ರೆಸರ್ 20 ನಿಮಿಷಕ್ಕೊಮ್ಮೆ ಆನ್-ಆಫ್ ಆಗುವ ಫ್ರಿಡ್ಜ್‌ನಲ್ಲಿ ಅರ್ಧ ಗಂಟೆಗೊಂದು ರೀಡಿಂಗ್ ತೆಗೆದರೆ ಅದರ ಏರಿಳಿತ ಗ್ರಾಫ್‌ನಲ್ಲಿ ಸರಿಯಾಗಿ ಕಾಣುವುದೇ ಇಲ್ಲ.

ಇನ್ನು ಸೆನ್ಸರ್ ಜಾಗ. ನನ್ನ ಪ್ರಕಾರ ಲಾಗರ್ ಯಾವುದು ಅನ್ನುವುದಕ್ಕಿಂತ ಇದು ಮುಖ್ಯ. ಬಾಗಿಲಿನ ಹತ್ತಿರ ಬೇಡ, ತಣ್ಣನೆ ಗಾಳಿ ಬರುವ ತೂತಿನ ಎದುರಿಗೂ ಬೇಡ. ನಡುವಿನ ಶೆಲ್ಫ್‌ನಲ್ಲಿ, ಲಸಿಕೆಯ ಡಬ್ಬಗಳ ಮಧ್ಯೆಯೇ ಇಡಿ. ಬರೀ ಗಾಳಿಯಲ್ಲಿ ನೇತಾಡುವ ಪ್ರೋಬ್ (ವೈರ್‌ನ ತುದಿಯ ಸೆನ್ಸರ್) ಬಾಗಿಲು ತೆಗೆದ ತಕ್ಷಣ 9, 10 ಡಿಗ್ರಿ ತೋರಿಸುತ್ತದೆ, ಬಾಟಲಿಯೊಳಗಿನ ಲಸಿಕೆ ಅಷ್ಟು ಬೇಗ ಬಿಸಿಯಾಗಿರುವುದಿಲ್ಲ. ಅದಕ್ಕೇ ಗ್ಲೈಕಾಲ್ ಎಂಬ ದ್ರವ ತುಂಬಿದ ಪುಟ್ಟ ಬಾಟಲಿಯೊಳಗೆ ಪ್ರೋಬ್ ಇರುವ ಮಾದರಿಗಳು ಸಿಗುತ್ತವೆ, ಅದನ್ನೇ ತೆಗೆದುಕೊಳ್ಳಿ.

ಇನ್ನೊಂದು ಮಾತು. ಲಸಿಕೆ 2ರಿಂದ 8 ಡಿಗ್ರಿಯೊಳಗೆ ಇರಬೇಕು. ಎಲ್ಲರೂ 8 ಡಿಗ್ರಿ ದಾಟಿತಾ ಅಂತ ನೋಡುತ್ತಾರೆ, 2ರ ಕೆಳಗೆ ಇಳಿಯಿತಾ ಅಂತ ನೋಡುವವರು ಕಡಿಮೆ. ಹೆಪಟೈಟಿಸ್ ಬಿ, ಡಿಪಿಟಿಯಂಥ ಅಲ್ಯುಮಿನಿಯಂ ಸೇರಿದ ಲಸಿಕೆ ಒಮ್ಮೆ ಹೆಪ್ಪುಗಟ್ಟಿದರೆ ಮುಗಿಯಿತು, ಮತ್ತೆ ಕರಗಿಸಿದರೂ ಕೆಲಸಕ್ಕೆ ಬರುವುದಿಲ್ಲ. ರಾತ್ರಿ ಹೆಪ್ಪುಗಟ್ಟಿ ಬೆಳಿಗ್ಗೆ ಕರಗಿದ್ದರೆ ನಿಮ್ಮ ರಿಜಿಸ್ಟರ್‌ನಲ್ಲಿ 4 ಡಿಗ್ರಿ ಅಂತಲೇ ಇರುತ್ತದೆ. ಲಾಗರ್ ಬೇಕಾಗಿರುವುದೇ ಇದಕ್ಕೆ.

ಕಂಟ್ರೋಲ್‌ರೂಮ್:
ಮೇಲಿನವರು ಹೇಳಿದ್ದು ಸರಿ. ನಾನು ಕಾರ್ಖಾನೆಯಲ್ಲಿರುವವನು, ಫರ್ನೇಸ್, ಮೋಟರ್, ಪಂಪ್ ಎಲ್ಲಕ್ಕೂ ಲಾಗರ್ ಹಾಕಿದ್ದೇವೆ. ಎಷ್ಟು ಹೊತ್ತಿಗೊಂದು ರೀಡಿಂಗ್ ಅನ್ನುವುದು ಅಳೆಯುವ ವಸ್ತು ಎಷ್ಟು ಬೇಗ ಬದಲಾಗುತ್ತದೆ ಅನ್ನುವುದರ ಮೇಲೆ ನಿಂತಿದೆ. ಫರ್ನೇಸ್‌ಗೆ ಹತ್ತು ಸೆಕೆಂಡಿಗೊಂದು ಧಾರಾಳ ಸಾಕು. ಬೇರಿಂಗ್‌ನ ವೈಬ್ರೇಶನ್‌ಗೆ ಸೆಕೆಂಡಿಗೆ ಸಾವಿರಾರು ಬೇಕು.

ನಮ್ಮಲ್ಲಿ ಒಂದು ಮೋಟರ್ ಸುಮ್ಸುಮ್ನೆ ಟ್ರಿಪ್ ಆಗುತ್ತಿತ್ತು. ವೋಲ್ಟೇಜ್ ಲಾಗ್ ತೆಗೆದು ನೋಡಿದರೆ ಎಲ್ಲ ಸರಿ. ಯಾಕೆಂದರೆ ಅದರಲ್ಲಿ ಬರೆಯುತ್ತಿದ್ದುದು 15 ನಿಮಿಷದ ಸರಾಸರಿ, ಅರ್ಧ ಸೆಕೆಂಡು ವೋಲ್ಟೇಜ್ ಕುಸಿದದ್ದು ಅದರಲ್ಲಿ ಎಲ್ಲಿ ಕಾಣಬೇಕು? ಅದೇ ಲಾಗರ್‌ನಲ್ಲಿ ಆ 15 ನಿಮಿಷದ ಕನಿಷ್ಠ, ಗರಿಷ್ಠವನ್ನೂ ಬರೆಯುವ ಹಾಗೆ ಸೆಟ್ ಮಾಡಿದ ಮೇಲೆ ಸಿಕ್ಕಿತು, ಪಕ್ಕದ ದೊಡ್ಡ ಕಂಪ್ರೆಸರ್ ಸ್ಟಾರ್ಟ್ ಆದಾಗಲೆಲ್ಲ ಹಾಗಾಗುತ್ತಿತ್ತು. ನೀವೂ ಕೊಳ್ಳುವಾಗ ಕನಿಷ್ಠ-ಗರಿಷ್ಠ ಬರೆಯುತ್ತದಾ ಅಂತ ಕೇಳಿ. ಮೆಮೊರಿ ತುಂಬಿದ ಮೇಲೆ ನಿಂತುಬಿಡುತ್ತದಾ, ಹಳೆಯದರ ಮೇಲೆಯೇ ಬರೆಯುತ್ತದಾ ಅಂತಲೂ ಕೇಳಿ.

ದೂರದ ಸೆನ್ಸರ್ ಆದರೆ 4-20 ಮಿಲಿಆಂಪ್‌ನದು, ಅಂದರೆ ರೀಡಿಂಗನ್ನು ವೈರ್‌ನಲ್ಲಿ 4ರಿಂದ 20 ಮಿಲಿಆಂಪ್ ಕರೆಂಟಾಗಿ ಕಳಿಸುವಂಥದ್ದು ತೆಗೆದುಕೊಳ್ಳಿ. ಸೊನ್ನೆ ರೀಡಿಂಗ್‌ಗೂ 4 ಮಿಲಿಆಂಪ್ ಹರಿಯುತ್ತಿರಬೇಕು, ಹಾಗಾಗಿ ವೈರ್ ಕಟ್ ಆಗಿ ಕರೆಂಟ್ ಪೂರ್ತಿ ನಿಂತರೆ ತಕ್ಷಣ ಗೊತ್ತಾಗುತ್ತದೆ.

ಬ್ರೆಡ್‌ಬೋರ್ಡ್:
ನೀವೇ ಮಾಡಿಕೊಳ್ಳುವ ವಿಷಯಕ್ಕೆ ಬರುತ್ತೇನೆ. ಗಿಡದ ಮನೆ, ನೀರಿನ ಟ್ಯಾಂಕ್, ಜೇನುಪೆಟ್ಟಿಗೆಗೆ ಖಂಡಿತ ಮಾಡಿ, ಕಲಿಯುವುದು ಬೇಕಾದಷ್ಟಿದೆ. ಲಸಿಕೆಗೆ ಬೇಡ. ಎಲ್ಲರೂ ಹಾಕುವ ಡಿಎಸ್18ಬಿ20 ಸೆನ್ಸರ್ ಅರ್ಧ ಡಿಗ್ರಿ ಆಚೀಚೆ ಇರಬಹುದು, ಅಂದರೆ 2.3 ತೋರಿಸುವಾಗ ನಿಜಕ್ಕೂ 1.8 ಇರಬಹುದು. ಪವರ್ ಹೋಗಿ ಬಂದಾಗ ಅಳತೆ ಮುಗಿಯುವ ಮುಂಚೆ ಓದಿದರೆ 85 ಡಿಗ್ರಿ ಅಂತ ಕೊಡುತ್ತದೆ, ಪ್ರೋಗ್ರಾಮ್‌ನಲ್ಲಿ ಅದನ್ನು ಗುರುತಿಸಿ ತೆಗೆಯದಿದ್ದರೆ ಅದೂ ಫೈಲ್‌ಗೆ ಹೋಗಿ ಕೂರುತ್ತದೆ. ಗಡಿಯಾರದ್ದೂ ಒಂದು ಕಥೆ. 20 ಪಿಪಿಎಂ (ಹತ್ತು ಲಕ್ಷಕ್ಕೆ 20ರಷ್ಟು) ತಪ್ಪುವ ಗಡಿಯಾರದ ಕ್ರಿಸ್ಟಲ್ ದಿನಕ್ಕೆ ಸುಮಾರು 1.7 ಸೆಕೆಂಡ್ ಜಾರುತ್ತದೆ, ವರ್ಷಕ್ಕೆ ಹತ್ತು ನಿಮಿಷ. ಎಲ್ಲಕ್ಕಿಂತ ಮುಖ್ಯವಾಗಿ ಕ್ಯಾಲಿಬ್ರೇಶನ್ ಸರ್ಟಿಫಿಕೇಟ್ (ಅಳತೆಯನ್ನು ಪರೀಕ್ಷಿಸಿ ನೋಡಿದ್ದಕ್ಕೆ ಪ್ರಮಾಣಪತ್ರ) ಇರುವುದಿಲ್ಲ, ನಾಳೆ ಯಾರಾದರೂ ತಪಾಸಣೆಗೆ ಬಂದರೆ ಏನು ತೋರಿಸುತ್ತೀರಿ?

ತಂಪುಪೆಟ್ಟಿಗೆ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹಾಗಾದರೆ ಗ್ಲೈಕಾಲ್ ಪ್ರೋಬ್ ಇರುವುದನ್ನೇ ತರಿಸುತ್ತೇವೆ. ಸರ್ಟಿಫಿಕೇಟ್ ಬಂದ ಮೇಲೂ ಮಧ್ಯೆ ಮಧ್ಯೆ ನಾವೇ ಚೆಕ್ ಮಾಡಲು ಆಗುತ್ತಾ? ಮತ್ತೆ ಬಾಗಿಲು ತೆಗೆದಾಗಲೆಲ್ಲ ಅಲಾರಂ ಹೊಡೆದರೆ ಜನ ಅದನ್ನು ಆಫ್ ಮಾಡಿಬಿಡುತ್ತಾರಲ್ವಾ?

ಗ್ರಾಫ್‌ಪ್ರಿಯ:
ಆಗುತ್ತದೆ. ಐಸ್ ಪುಡಿ ಮಾಡಿ ಲೋಟದ ತುಂಬ ಹಾಕಿ, ಸಂದಿ ತುಂಬುವಷ್ಟು ತಣ್ಣೀರು ಬಿಡಿ. ಪ್ರೋಬನ್ನು ಗ್ಲೈಕಾಲ್ ಬಾಟಲಿಯಿಂದ ಹೊರಗೆ ತೆಗೆಯಲು ಬಂದರೆ ತೆಗೆದು, ಲೋಟದ ಗೋಡೆಗೆ ತಾಗದ ಹಾಗೆ ನಡುವೆ ಇಟ್ಟು, ರೀಡಿಂಗ್ ನಿಲ್ಲುವವರೆಗೆ ಕಾಯಿರಿ. 0 ಡಿಗ್ರಿ ತೋರಿಸಬೇಕು. ಅಲಾರಂಗೆ ಡಿಲೇ ಇರುತ್ತದೆ. ಮೇಲಿನ ಮಿತಿಗೆ ಹತ್ತು-ಹದಿನೈದು ನಿಮಿಷ ಕೊಡಬಹುದು. ಕೆಳಗಿನ ಮಿತಿಗೆ ಮಾತ್ರ ಡಿಲೇ ಕೊಡಬೇಡಿ.