ಹಾಲ್‌ನ ದೊಡ್ಡ ಮರದ ಗೋಡೆ: ಅಂಟಿಸಿದ್ದು ನಿಲ್ಲಲ್ಲ, ನಿಂತದ್ದು ಕಾಣಲ್ಲ

ಹಳೇಮನೆ

ಎಲ್ಲರಿಗೂ ನಮಸ್ಕಾರ. ಒಂದು ಗೋಡೆಗೆ ಸೋತು ಇಲ್ಲಿಗೆ ಬಂದಿದ್ದೇನೆ.

ನಮ್ಮ ಹಾಲ್‌ನ ಉದ್ದನೆಯ ಗೋಡೆ ಪೂರ್ತಿ ಮರದ ಪ್ಯಾನೆಲ್. ಅಗಲ 18 ಅಡಿ, ಎತ್ತರ 9 ಅಡಿ. ಕೆಂಪು ಬೆರೆತ ಕಡು ಕಂದು ಬಣ್ಣ, ಮೇಲಿಂದ ಕೆಳಗೆ ಉದ್ದುದ್ದ ಗ್ರೂವ್‌ಗಳು, ಅಂದರೆ ಕೊರೆದ ಸಣ್ಣ ಗೀರುಗಳು. ಮನೆ ಕೊಂಡಾಗಲೇ ಇತ್ತು. ಆಗ ಚೆಂದ ಅನ್ನಿಸಿತ್ತು. ಈಗ ಸಂಜೆ ಆದರೆ ಯಾವುದೋ ಹಳೇ ಆಫೀಸಿನಲ್ಲಿ ಸರದಿಗೆ ಕಾದು ಕೂತ ಹಾಗೆ ಅನ್ನಿಸುತ್ತದೆ.

ಆರು ಫೋಟೋ ಫ್ರೇಮ್ ಹಾಕಿದ್ದೆ. ಒಂದೊಂದೂ 8 ಇಂಚು ಅಗಲ, 10 ಇಂಚು ಎತ್ತರ. ಗೋಡೆಗೆ ತೂತು ಮಾಡಲು ಮನಸ್ಸು ಬರಲಿಲ್ಲ, ಅದಕ್ಕೇ ಎರಡೂ ಕಡೆ ಅಂಟುವ ಪಟ್ಟಿ ಬಳಸಿದೆ. ಮೂರನೇ ರಾತ್ರಿ ಒಂದು ಬಿತ್ತು, ಗಾಜು ಪುಡಿಪುಡಿ. ಹೆದರಿ ಇನ್ನೊಂದನ್ನು ಕಿತ್ತೆ. ಅದರ ಜೊತೆ ಮರದ ಮೇಲ್ಪದರವೂ ನಾಣ್ಯದಗಲ ಎದ್ದು ಬಂತು. ಉಳಿದ ನಾಲ್ಕು ಇನ್ನೂ ಅಲ್ಲೇ ಇವೆ, ಮುಟ್ಟಲು ಭಯ. ತಮಾಷೆ ಅಂದರೆ, ಬಂದವರು ಯಾರೂ ಅವುಗಳನ್ನು ಗಮನಿಸಿಯೇ ಇಲ್ಲ!

ನಿಲ್ಲುವ ಹಾಗೆ ತೂಗುಹಾಕುವುದು ಹೇಗೆ? ಏನು ಹಾಕಿದರೆ ಕಾಣುತ್ತದೆ? ಇಲ್ಲಾ ಎಲ್ಲಕ್ಕೂ ಬಿಳಿ ಬಣ್ಣ ಬಳಿಯುವುದೇ ಸರಿಯಾ? ಮನೆಯಲ್ಲಿ ಇಬ್ಬರೇ ಇರುವುದು, ಅಭಿಪ್ರಾಯ ಮೂರಿವೆ.

ಬಣ್ಣದಬುಟ್ಟಿ

ಬಳಿದುಬಿಡಿ. ಎರಡು ದಿನದ ಕೆಲಸ, ಕೋಣೆ ಎರಡು ಪಟ್ಟು ದೊಡ್ಡದಾಗಿ ಕಾಣುತ್ತದೆ. ಇದರಲ್ಲಿ ಯೋಚನೆ ಮಾಡುವಂಥದ್ದೇನಿದೆ?

ಉಳಿಸುತ್ತಿಗೆ

ಬಣ್ಣದಬುಟ್ಟಿ ಅವರೇ, ಒಂದು ನಿಮಿಷ ಬ್ರಷ್ ಕೆಳಗಿಡಿ. ಅದು ಎಂಥ ಗೋಡೆ ಅಂತಲೇ ನಮಗೆ ಇನ್ನೂ ಗೊತ್ತಿಲ್ಲ.

ಹಳೇಮನೆ ಅವರೇ, ಮರದ ಪ್ಯಾನೆಲ್ ಅನ್ನುವುದರಲ್ಲಿ ಮೂರು ಜಾತಿ. ಒಂದು ಗಟ್ಟಿ ಮರದ ಹಲಗೆ. ಎರಡನೆಯದು ಪ್ಲೈವುಡ್ ಮೇಲೆ ವೆನೀರ್, ಅಂದರೆ ಕಾಗದದಷ್ಟು ತೆಳು ನಿಜವಾದ ಮರ. ಮೂರನೆಯದು ಎಂಡಿಎಫ್, ಅಂದರೆ ಮರದ ನಾರನ್ನು ಒತ್ತಿ ಮಾಡಿದ ಹಾಳೆಯ ಮೇಲೆ ಮರದ ಚಿತ್ರ ಅಚ್ಚು ಹಾಕಿದ ಪದರ. ಒಂದೇ ಗಂಟು, ಒಂದೇ ಗೆರೆ ನಾಲ್ಕು ಕಡೆ ಹಾಗೇ ಕಂಡರೆ ಅದು ಅಚ್ಚು. ನಿಮ್ಮದು ಪದರವಾಗಿ ಎದ್ದಿದೆ ಅಂದರೆ ವೆನೀರ್ ಇರಬಹುದು. ಖಚಿತ ಮಾಡಿಕೊಳ್ಳಲು ಮೇನ್ ಸ್ವಿಚ್ ಆಫ್ ಮಾಡಿ, ಆ ಗೋಡೆಯ ಮೇಲಿನ ಒಂದು ಸ್ವಿಚ್‌ಬೋರ್ಡಿನ ಮುಚ್ಚಳ ತೆಗೆಯಿರಿ. ಪ್ಯಾನೆಲ್ ಕತ್ತರಿಸಿದ ಅಂಚು ಅಲ್ಲಿ ಕಾಣುತ್ತದೆ. ದಪ್ಪವನ್ನೂ ಅಲ್ಲೇ ಅಳೆಯಿರಿ.

ಇನ್ನು ಅಂಟು ಯಾಕೆ ಕೈಕೊಟ್ಟಿತು? ವರ್ಷಗಟ್ಟಲೆ ಪಾಲಿಶ್, ಮೇಣ, ಕೈಯ ಎಣ್ಣೆ ಕೂತ ಮೈ ಅದು. ಪಟ್ಟಿ ಮರಕ್ಕಲ್ಲ, ಆ ಜಿಡ್ಡಿಗೆ ಅಂಟಿತ್ತು. ಗ್ರೂವ್ ಬಂದ ಕಡೆ ಪಟ್ಟಿಯ ಅರ್ಧ ಭಾಗ ಗಾಳಿಗೇ ಅಂಟಿತ್ತು ಅನ್ನಿ. ಜಿಡ್ಡಿಲ್ಲದ ಜಾಗದಲ್ಲಿ ಮಾತ್ರ ಹಳೇ ವೆನೀರ್‌ನ ಗೋಂದಿಗಿಂತ ಪಟ್ಟಿಯ ಅಂಟೇ ಗಟ್ಟಿಯಾಯಿತು, ವೆನೀರ್ ಕಿತ್ತು ಬಂತು. ಎರಡೂ ತೊಂದರೆ ಒಂದೇ ಗೋಡೆಯಲ್ಲಿ ಆಗಿದೆ.

ಉಳಿದ ನಾಲ್ಕನ್ನು ಎಳೆಯಬೇಡಿ. ಹೇರ್ ಡ್ರೈಯರ್‌ನಿಂದ ಒಂದು ನಿಮಿಷ ಬೆಚ್ಚಗೆ ಮಾಡಿ, ಫ್ರೇಮ್ ಹಿಂದೆ ಗಟ್ಟಿ ನೂಲು ತೂರಿಸಿ ಗರಗಸದ ಹಾಗೆ ಆಚೀಚೆ ಎಳೆಯಿರಿ. ಅಂಟು ನಡುವೆಯೇ ಸೀಳುತ್ತದೆ.

ಆಮೇಲೆ ಮ್ಯಾಗ್ನೆಟ್ ಹಿಡಿದು ಗೋಡೆ ಹುಡುಕಿ. ಪ್ಯಾನೆಲ್ ಹಿಂದೆ ರೀಪರ್, ಅಂದರೆ ಅದನ್ನು ಹಿಡಿದು ನಿಲ್ಲಿಸುವ ಮರದ ಪಟ್ಟಿಗಳಿರುತ್ತವೆ, ಪ್ಯಾನೆಲ್‌ನ ಮೊಳೆ ಕೂತಿರುವುದು ಅದರಲ್ಲೇ. ಹಲಗೆ ನಿಂತಿದ್ದರೆ ಸಾಮಾನ್ಯವಾಗಿ ರೀಪರ್ ಮಲಗಿರುತ್ತದೆ. ಹಾಗಾಗಿ ಎಡದಿಂದ ಬಲಕ್ಕಲ್ಲ, ಕೆಳಗಿಂದ ಮೇಲಕ್ಕೆ ಹುಡುಕಿ. ಸಿಕ್ಕ ಮೊಳೆಗೆಲ್ಲ ಪೇಪರ್ ಟೇಪ್ ಹಚ್ಚಿ. ಬೆರಳಲ್ಲಿ ತಟ್ಟುತ್ತಲೂ ಹೋಗಿ, ಟೊಳ್ಳು ಎಲ್ಲಿ, ಗಟ್ಟಿ ಎಲ್ಲಿ ಅಂತ ಕಿವಿಗೇ ತಿಳಿಯುತ್ತದೆ.

ಹಳೇಮನೆ

ನೂಲಿನ ಉಪಾಯಕ್ಕೆ ಕೈ ಮುಗಿದೆ. ನಾಲ್ಕೂ ಬಂದವು, ಗೋಡೆಗೆ ಏನೂ ಆಗಲಿಲ್ಲ.

ಮುಚ್ಚಳ ತೆಗೆದು ನೋಡಿದೆ. 6 ಮಿ.ಮೀ. ಪ್ಲೈವುಡ್, ಮೇಲೆ ವೆನೀರ್. ಮೊಳೆಗಳು ನೀವು ಹೇಳಿದ ಹಾಗೇ ಅಡ್ಡ ಸಾಲಿನಲ್ಲಿ, ನೆಲದಿಂದ 2, 4, 6, 8 ಅಡಿ ಎತ್ತರದಲ್ಲಿ ಸಿಕ್ಕವು. ಗೋಡೆ ತುಂಬ ಟೇಪ್, ಈಗ ಅದೇ ಅಲಂಕಾರದ ಹಾಗಿದೆ.

ಒಂದು ವಿಷಯ. ಎಡ ಮೂಲೆಯಲ್ಲಿ ಕೆಳಗೆ ತಟ್ಟಿದರೆ ಸದ್ದೇ ಇಲ್ಲ. ಒತ್ತಿದರೆ ಮೆತ್ತಗೆ ಒಳಗೆ ಹೋಗುತ್ತದೆ. ಹಳೇ ಪುಸ್ತಕದಂಥ ವಾಸನೆ ಬೇರೆ. ಅಲ್ಲಿ ಸೋಫಾ ಇತ್ತು, ಇಷ್ಟು ದಿನ ಗೊತ್ತೇ ಆಗಿರಲಿಲ್ಲ.

ಉಳಿಸುತ್ತಿಗೆ

ಅಲಂಕಾರದ ಮಾತು ಇಲ್ಲಿಗೆ ನಿಲ್ಲಲಿ. ಅದು ನೀರು.

ಆ ಮೂಲೆಯ ಆಚೆ ಏನಿದೆ? ಬಚ್ಚಲು, ಪೈಪು, ಹೊರಗೋಡೆ? ಕೆಳಗಿನ ಸ್ಕರ್ಟಿಂಗ್ ಪಟ್ಟಿಯನ್ನು ಮೆಲ್ಲಗೆ ಎಬ್ಬಿಸಿ ಟಾರ್ಚ್ ಹಾಕಿ. ಮಣ್ಣಿನ ಸಣ್ಣ ಸುರಂಗ ಕಂಡರೆ ಗೆದ್ದಲು. ಸಣ್ಣ ದುಂಡು ತೂತು, ಕೆಳಗೆ ಹಿಟ್ಟಿನಂಥ ಪುಡಿ ಕಂಡರೆ ಮರ ಕೊರೆಯುವ ಹುಳು. ಕಪ್ಪು ಕಲೆ ಮಾತ್ರ ಇದ್ದರೆ ತೇವ ಮತ್ತು ಬೂಷ್ಟು. ಮೂಲ ನಿಲ್ಲಿಸದೆ ಮೇಲೆ ಚಿತ್ರ ಹಾಕಿದರೆ, ಬಣ್ಣ ಬಳಿದರೆ, ಎಲ್ಲ ಆರು ತಿಂಗಳ ಶೃಂಗಾರ.

ಹಳೇಮನೆ

ಹತ್ತು ದಿನ ಆಯಿತು, ಕ್ಷಮಿಸಿ. ಆಚೆ ಬಚ್ಚಲು. ನಲ್ಲಿಯ ಜಾಯಿಂಟ್ ಒಳಗೇ ತೊಟ್ಟಿಕ್ಕುತ್ತಿತ್ತು. ಕಪ್ಪು ಕಲೆ ಇತ್ತು, ಗೆದ್ದಲು ಇರಲಿಲ್ಲ. ಪೈಪು ಸರಿಯಾಯಿತು. ಮೂಲೆಯ ಒಂದು ಹಾಳೆಯನ್ನು ಕೆಳಗೆ ಎರಡು ಅಡಿ ಕತ್ತರಿಸಿ ತೆಗೆದೆವು, ಒಳಗೆ ಒಣಗಲು ಫ್ಯಾನ್ ಇಟ್ಟೆವು, ಹೊಸ ತುಂಡು ಹಾಕಿಸಿದೆವು. ಹೊಸ ತುಂಡಿನ ಬಣ್ಣ ಮಾತ್ರ ಹೊಂದಲೇ ಇಲ್ಲ. ಹಳೆಯದು ಕಾಫಿ ಡಿಕಾಕ್ಷನ್ ಆದರೆ ಇದು ಹಾಲು ಜಾಸ್ತಿಯಾದ ಕಾಫಿ.

ಕಿಟಕಿಪಕ್ಕ

ಇಷ್ಟು ದಿನ ಸುಮ್ನೆ ಓದುತ್ತಿದ್ದೆ. ಈಗ ನನ್ನ ಸರದಿ ಅನ್ನಿಸುತ್ತದೆ.

ಬಣ್ಣ ಹೊಂದದೆ ಇರುವುದು ಸಹಜ. ಮರ ಬೆಳಕಿಗೆ ವರ್ಷಗಟ್ಟಲೆ ಒಡ್ಡಿಕೊಂಡು ಬಣ್ಣ ತಿರುಗುತ್ತದೆ, ಹೊಸ ತುಂಡಿಗೆ ಆ ವಯಸ್ಸು ಇಲ್ಲ. ಆ ಮೂಲೆಗೆ ಒಂದು ಎತ್ತರದ ಪುಸ್ತಕದ ಕಪಾಟು ಇಡಿ. ಗೋಡೆಗೆ ತಾಗಿಸದೆ ಒಂದು ಇಂಚು ಗಾಳಿಗೆ ಜಾಗ ಬಿಡಿ. ಮೇಲಿನ ತುದಿಯನ್ನು ಒಂದು ಕೊಂಡಿ ಹಾಕಿ ರೀಪರ್‌ಗೆ ಬಿಗಿಯಿರಿ, ಮಕ್ಕಳು ಹತ್ತಿದರೂ ಉರುಳಬಾರದು.

ಈಗ ನಿಮ್ಮ ಎರಡನೇ ಪ್ರಶ್ನೆ. ಒಂದು ಲೆಕ್ಕ ಮಾಡೋಣ. ಗೋಡೆ 18 × 9, ಅಂದರೆ 162 ಚದರ ಅಡಿ. ನಿಮ್ಮ ಆರು ಫ್ರೇಮ್ ಒಟ್ಟು 480 ಚದರ ಇಂಚು. ಅದು ಮೂರೂ ಕಾಲು ಚದರ ಅಡಿಯ ಆಸುಪಾಸು. ನೂರಕ್ಕೆ ಎರಡು ಪಾಲು! ಕಾಣಲಿಲ್ಲ ಅಂದರೆ ಬಂದವರ ಕಣ್ಣಿನ ತಪ್ಪಲ್ಲ.

ಅಳತೆ ಒಂದೇ ಅಲ್ಲ. ಬಿಳಿ ಗೋಡೆ ಖಾಲಿ ಹಾಳೆ. ಮರದ ಗೋಡೆ ಹಾಗಲ್ಲ, ಅದರ ಮೇಲೆ ಆಗಲೇ ಗೆರೆ ಇದೆ, ಗಂಟು ಇದೆ, ಗ್ರೂವ್ ಇದೆ. ಬರೆದ ಹಾಳೆಯ ಮೇಲೆ ಸಣ್ಣ ಅಕ್ಷರದಲ್ಲಿ ಮತ್ತೆ ಬರೆದರೆ ಯಾರು ಓದುತ್ತಾರೆ? ಹಾಗಾಗಿ ಹತ್ತು ಸಣ್ಣದು ಬೇಡ. ಒಂದು ದೊಡ್ಡದು ಸಾಕು. ಫ್ರೇಮ್ ಮರದ್ದೇ ಬೇಡ, ಗೋಡೆಯಲ್ಲಿ ಕರಗಿಹೋಗುತ್ತದೆ. ತೆಳು ಕಪ್ಪು ಅಥವಾ ಬಿಳಿ ಫ್ರೇಮ್, ಒಳಗೆ ಚಿತ್ರದ ಸುತ್ತ 3–4 ಇಂಚು ತಿಳಿ ಬಣ್ಣದ ಕಾಗದದ ಅಂಚು. ಆ ಬಿಳಿ ಅಂಚೇ ಚಿತ್ರಕ್ಕೂ ಮರಕ್ಕೂ ನಡುವಿನ ಬೇಲಿ. ಕೆಂಪು ಕಂದಿನ ಎದುರು ನೀಲಿ, ಹಸಿರು ಎದ್ದು ಕಾಣುತ್ತವೆ. ಇಟ್ಟಿಗೆ ಕೆಂಪು, ಸಾಸಿವೆ ಹಳದಿ ಚೆಂದವೇ, ಆದರೆ ಈ ಗೋಡೆಯ ಮೇಲೆ ಮಂಕು.

ನನ್ನನ್ನು ಕೇಳಿದರೆ, ಗಾಜಿನ ಚಿತ್ರಕ್ಕಿಂತ ನೇಯ್ದ ಬಟ್ಟೆ ಒಳ್ಳೆಯದು. ಪಾಲಿಶ್ ಮರ ಮಿನುಗುತ್ತದೆ, ಗಾಜೂ ಮಿನುಗುತ್ತದೆ, ಎರಡೂ ಸೇರಿದರೆ ಕಣ್ಣಿಗೆ ನೆಮ್ಮದಿ ಇಲ್ಲ. ಬಟ್ಟೆ ಮಿನುಗುವುದಿಲ್ಲ. ಗಟ್ಟಿ ಗೋಡೆಯ ಹಾಲ್‌ನಲ್ಲಿ ಮಾತು ಗುಂಯ್ ಅನ್ನುವುದನ್ನೂ ಸ್ವಲ್ಪ ಹೀರುತ್ತದೆ.

ಅಳತೆಗೆ ಒಂದು ರೂಢಿ ಇದೆ: ಸೋಫಾದ ಮೂರನೇ ಎರಡು ಭಾಗದಷ್ಟು ಅಗಲ. ಸೋಫಾದ ಬೆನ್ನಿಂದ 6–8 ಇಂಚು ಮೇಲೆ ಶುರು. ಚಿತ್ರದ ನಡು ನೆಲದಿಂದ 57–60 ಇಂಚು. ಹೆಚ್ಚಿನವರು ತೀರಾ ಮೇಲೆ ಹಾಕುತ್ತಾರೆ, ಚಿತ್ರ ಸೀಲಿಂಗಿಗೆ ಸೇರಿದ್ದು ಅನ್ನುವ ಹಾಗೆ. ತೂತು ಕೊರೆಯುವ ಮೊದಲು ಹಳೇ ಪೇಪರ್ ಅದೇ ಅಳತೆಗೆ ಅಂಟಿಸಿಕೊಂಡು ಟೇಪ್‌ನಲ್ಲಿ ಎರಡು ದಿನ ನಿಲ್ಲಿಸಿ ನೋಡಿ. ಹೋಗ್ತಾ ಬರ್ತಾ ನಿಮಗೇ ಗೊತ್ತಾಗುತ್ತದೆ.

18 ಅಡಿಯನ್ನೂ ತುಂಬಿಸಬೇಕಿಲ್ಲ. ಎಡಕ್ಕೆ ಕಪಾಟು, ನಡುವೆ ಬಟ್ಟೆ, ಬಲಕ್ಕೆ ಏನೂ ಬೇಡ. ಮರವೇ ಕಾಣಲಿ.

ಹಳೇಮನೆ

ನೂರಕ್ಕೆ ಎರಡು ಪಾಲು ಅಂತ ಮನೆಯಲ್ಲಿ ಓದಿ ಹೇಳಿದೆ. ತುಂಬ ಹೊತ್ತು ನಗು.

ಸೋಫಾ 84 ಇಂಚು, ಬೆನ್ನು 34 ಇಂಚು ಎತ್ತರ. 56 ಇಂಚು ಅಗಲ, 36 ಇಂಚು ಎತ್ತರದ ಮರದ ಚೌಕಟ್ಟಿಗೆ ನೀಲಿ ಬಟ್ಟೆ ಬಿಗಿದು ಹಾಕಬೇಕು ಅಂತಿದ್ದೇನೆ. ತೂಕ 8 ಕೆ.ಜಿ. ಆಗಬಹುದು. 6 ಮಿ.ಮೀ. ಪ್ಲೈವುಡ್ ತಡೆಯುತ್ತದಾ?

ಉಳಿಸುತ್ತಿಗೆ

ಬರೀ ಪ್ಲೈವುಡ್ ನಂಬಬೇಡಿ. ರೀಪರ್‌ಗೇ ಹೋಗಿ. ನಿಮ್ಮ ಅದೃಷ್ಟ ನೋಡಿ: ನಡು 58 ಇಂಚಿಗೆ ಇಟ್ಟರೆ ಕೆಳ ಅಂಚು 40ಕ್ಕೆ ಬರುತ್ತದೆ, ಸೋಫಾದಿಂದ ಸರಿಯಾಗಿ 6 ಇಂಚು ಮೇಲೆ. ಮೇಲಿನ ಅಂಚು 76ಕ್ಕೆ. ನಿಮ್ಮ ಮೂರನೇ ರೀಪರ್ 6 ಅಡಿಗೆ, ಅಂದರೆ 72 ಇಂಚಿಗೆ ಇದೆ. ಚೌಕಟ್ಟಿನ ಮೇಲಿನ ಅಂಚಿಗಿಂತ 4 ಇಂಚು ಕೆಳಗೆ. ಕೊಂಡಿ ಬೇಕಾದದ್ದೇ ಅಲ್ಲಿ.

ಮೊಳೆ, ದಾರ ಬೇಡ. ಓರೆ ಪಟ್ಟಿ ಮಾಡಿ. ಒಂದು ಮರದ ಪಟ್ಟಿಯನ್ನು ಉದ್ದಕ್ಕೆ 45 ಡಿಗ್ರಿ ಓರೆಯಾಗಿ ಸೀಳಿ ಎರಡು ಮಾಡಿ. ಒಂದನ್ನು ಓರೆ ಮೇಲ್ಮುಖವಾಗಿ, ಗೋಡೆ ಕಡೆಗೆ ಇಳಿಜಾರಾಗುವ ಹಾಗೆ ರೀಪರ್‌ಗೆ ಬಿಗಿಯಿರಿ. ಇನ್ನೊಂದನ್ನು ತಲೆಕೆಳಗು ಮಾಡಿ ಚೌಕಟ್ಟಿನ ಹಿಂದೆ. ಅದರ ಮೇಲೆ ಇದನ್ನು ಕೂರಿಸಿದರೆ ಒಂದರೊಳಗೊಂದು ಕಚ್ಚಿಕೊಳ್ಳುತ್ತದೆ. ವಾಲುವುದಿಲ್ಲ, ಎಡಬಲ ಜರುಗಿಸಬಹುದು. ಕೆಳಗೆ ಚೌಕಟ್ಟಿನ ಹಿಂದೆ ಅದೇ ದಪ್ಪದ ಒಂದು ತುಂಡು ಹಚ್ಚಿ, ಇಲ್ಲದಿದ್ದರೆ ಬುಡ ಗೋಡೆ ಕಡೆ ಬಾಗುತ್ತದೆ.

ತೂತು ಸ್ಕ್ರೂಗಿಂತ ಸಣ್ಣ ಬಿಟ್‌ನಲ್ಲಿ ಕೊರೆಯಿರಿ, ಇಲ್ಲದಿದ್ದರೆ ರೀಪರ್ ಸೀಳೀತು. ಬಿಟ್‌ಗೆ ಟೇಪ್ ಸುತ್ತಿ ಆಳದ ಗುರುತು ಮಾಡಿಕೊಳ್ಳಿ. ಸ್ವಿಚ್‌ಬೋರ್ಡಿನ ನೇರ ಮೇಲೆ, ನೇರ ಪಕ್ಕದಲ್ಲಿ ಕೊರೆಯಲೇಬೇಡಿ. ವೈರ್ ಹೋಗಿರುವುದು ಸಾಮಾನ್ಯವಾಗಿ ಅದೇ ದಾರಿಯಲ್ಲಿ.

ಕಿತ್ತುಹೋದ ವೆನೀರ್ ಚೂರು ಇಟ್ಟುಕೊಂಡಿದ್ದೀರಾ? ಇದ್ದರೆ ಪಟ್ಟಿಯಿಂದ ಬಿಡಿಸಿ ಮರದ ಗೋಂದಿನಲ್ಲಿ ಅಂಟಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಇಟ್ಟು ಒಂದು ರಾತ್ರಿ ಒತ್ತಿ ಹಿಡಿಯುವ ಹಾಗೆ ಮಾಡಿ. ಇಲ್ಲದಿದ್ದರೆ ಅದೇ ಬಣ್ಣದ ಮೇಣದ ಕಡ್ಡಿ ತುಂಬಿ ಒರೆಸಿ.

ಬಣ್ಣದಬುಟ್ಟಿ

ಯಾರೂ ನನ್ನ ಮಾತು ಕೇಳಲ್ಲ ಅಂತ ಗೊತ್ತಿತ್ತು. ಆದರೂ ಮುಂದೆ ಯಾರಾದರೂ ಓದಿ ಬಳಿಯಲು ಹೊರಟರೆ ಅವರಿಗಾಗಿ ಹೇಳಿಬಿಡುತ್ತೇನೆ. ಎರಡು ದಿನದ ಕೆಲಸ ಅಂದಿದ್ದು ಜಂಬಕ್ಕೆ, ಒಂದು ವಾರ ಬೇಕು. ಮೊದಲು ಮೇಣ, ಜಿಡ್ಡು ಹೋಗುವ ತನಕ ಒರೆಸಬೇಕು. ಆಮೇಲೆ 180 ನಂಬರಿನ ಉಪ್ಪು ಕಾಗದದಲ್ಲಿ ಹೊಳಪು ಸಾಯುವಷ್ಟು ಮಾತ್ರ ಉಜ್ಜಬೇಕು. ವೆನೀರ್ ತೆಳು, ಜೋರಾಗಿ ಉಜ್ಜಿದರೆ ಪ್ಲೈವುಡ್ ಇಣುಕುತ್ತದೆ. ಮುಖ್ಯ ಮಾತು: ಕಲೆ ತಡೆಯುವ ಪ್ರೈಮರ್ ಬೇಕೇಬೇಕು. ನಾನು ಸಾದಾ ಪ್ರೈಮರ್ ಹಾಕಿ ಬಿಳಿ ಬಳಿದಿದ್ದೆ, ಮರದ ಒಗರು ಒಸರಿ ವಾರದೊಳಗೆ ಗೋಡೆ ತುಂಬ ಹಳದಿ ಕಲೆ. ಮೂರು ಸಲ ಬಳಿದೆ, ಮೂರು ಸಲವೂ ಹಳದಿ. ಬಳಿದ ಮೇಲೆ ಮರಕ್ಕೆ ಹಿಂದಿರುಗುವುದು ನರಕಯಾತನೆ ಅನ್ನುವುದೂ ನಿಜ. ಅಷ್ಟರ ಮಟ್ಟಿಗೆ ಅವಸರ ಬೇಡ, ಒಪ್ಪಿದೆ.

ಹಳೇಮನೆ

ಹಾಕಿದೆವು! ಓರೆ ಪಟ್ಟಿ ಕಚ್ಚಿಕೊಂಡಾಗ ಬಂದ ಟಕ್ ಅನ್ನುವ ಸದ್ದು ಇನ್ನೂ ಕಿವಿಯಲ್ಲಿದೆ. ಹಗಲು ಹೊತ್ತಿನಲ್ಲಿ ಅದ್ಭುತ. ನೀಲಿ ಅಷ್ಟು ದೂರದಿಂದಲೇ ಕರೆಯುತ್ತದೆ. ಸಂಜೆ ಮಾತ್ರ ಮತ್ತೆ ಅದೇ ಆಫೀಸು. ಗೋಡೆಗೆ ಅಂಟಿದ ಹಾಗೆ ಸೀಲಿಂಗ್ ಅಂಚಿಗೆ ಎಲ್‌ಇಡಿ ಪಟ್ಟಿ ಹಾಕಿ ನೋಡಿದೆ. ಪ್ಲೈವುಡ್‌ನ ಪ್ರತಿ ಉಬ್ಬು ತಗ್ಗು ಎದ್ದು ಕಂಡಿತು, ಹೊಸ ತುಂಡಿನ ಜೋಡಣೆಯೂ. ಬೇಜಾರಾಯಿತು.

ಕಿಟಕಿಪಕ್ಕ

ಬೆಳಕು ಗೋಡೆಗೆ ತೀರಾ ಹತ್ತಿರ ಇದೆ, ಅಷ್ಟೇ. ಸಂಜೆ ಬಿಸಿಲಿನಲ್ಲಿ ನೆಲದ ಸಣ್ಣ ಕಲ್ಲಿಗೂ ಉದ್ದ ನೆರಳು ಬೀಳುತ್ತದಲ್ವಾ, ಅದೇ ಇಲ್ಲೂ ಆಗಿದೆ. ಗೋಡೆಯಿಂದ ಎರಡೂವರೆ ಅಡಿ ದೂರಕ್ಕೆ ಸೀಲಿಂಗ್‌ನಲ್ಲಿ ತಿರುಗಿಸಬಹುದಾದ ಎರಡು ದೀಪ ಹಾಕಿ, ಬಟ್ಟೆಯ ಕಡೆ ಸುಮಾರು 30 ಡಿಗ್ರಿ ಓರೆ ಮಾಡಿ. ಉಬ್ಬು ತಗ್ಗು ಮಾಯ. ಬಲ್ಬ್ 2700 ಅಥವಾ 3000 ಕೆಲ್ವಿನ್ ಇರಲಿ, ಅಂದರೆ ಬೆಚ್ಚನೆಯ ನಸು ಹಳದಿ ಬೆಳಕು. ಬಣ್ಣಗಳು ಎಷ್ಟು ಸಹಜವಾಗಿ ಕಾಣುತ್ತವೆ ಅನ್ನುವ ಅಳತೆ ಸಿಆರ್‌ಐ, ಅದು 90ರ ಮೇಲಿರಲಿ. ನಸು ನೀಲಿ ಬಿಳಿಯ 6500ರ ಬಲ್ಬ್ ಹಾಕಿದರೆ ಕೆಂಪು ಮರ ಸತ್ತ ಹಾಗೆ ಕಾಣುತ್ತದೆ. ನಿಮ್ಮ ಆಫೀಸಿನ ಗುಟ್ಟು ಅದೇ ಇರಬೇಕು. ಈಗಿರುವ ಬಲ್ಬಿನ ಮೇಲೆ ಏನು ಬರೆದಿದೆ ನೋಡಿ.

ಹಳೇಮನೆ

ಕುರ್ಚಿ ಹತ್ತಿ ನೋಡಿದೆ. 6500.