ಪದಚರ್ಚೆ: ಎರಡು ಪಟ್ಟಿಗಳ ‘ಮರ್ಜ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಪಾಠವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಂದು ಚಿತ್ರದ ಕೆಳಗೆ ಹಾಕಲು ಪದ ಬೇಕು, ಇವತ್ತು ರಾತ್ರಿಯೊಳಗೆ. ಚಿತ್ರದಲ್ಲಿ ಎರಡು ಪಟ್ಟಿಗಳಿವೆ: 2, 5, 9 ಮತ್ತು 3, 5, 8. ಎರಡರ ತಲೆಗಳನ್ನೂ ಹೋಲಿಸಿ, ಚಿಕ್ಕದನ್ನು ಎತ್ತಿ ಹೊಸ ಪಟ್ಟಿಗೆ ಹಾಕುತ್ತಾ ಹೋದರೆ 2, 3, 5, 5, 8, 9 ಸಿಗುತ್ತದೆ. ಐದೇ ಹೋಲಿಕೆ ಸಾಕು.

‘ಸೇರಿಸು’ ಆಗಲ್ಲ, ಅದನ್ನು ಅಪೆಂಡ್‌ಗೆ (ಪಟ್ಟಿಯ ಕೊನೆಗೆ ಒಂದನ್ನು ಹಾಕುವುದಕ್ಕೆ) ಕೊಟ್ಟಾಗಿದೆ. ‘ಕೂಡಿಸು’ ಅಂದರೆ ಓದುವವರು ಮೊತ್ತ ಹುಡುಕುತ್ತಾರೆ. ‘ಬೆರೆಸು’ ಅಂದರೆ ಎಲ್ಲ ಕಲಸಿಹೋದಂತೆ ಕೇಳುತ್ತದೆ.

—

ವಿಲೀನ. ಪತ್ರಿಕೆಗಳಲ್ಲಿ ದಿನಾ ಬರುವ ಪದ. ಇದರಲ್ಲಿ ಚರ್ಚೆಗೆ ಏನಿದೆ?

—

> ವಿಲೀನ.

ವಿಲೀನ ಅಂದರೆ ಕರಗಿಹೋಗುವುದು. ಲೀನ, ಲಯ ಎಲ್ಲ ಒಂದೇ ಧಾತು. ಇಲ್ಲಿ ಯಾವುದು ಕರಗಿತು? ಎರಡು 5 ಇದ್ದವು, ಎರಡೂ ಉಳಿದಿವೆ. ಇಂಗ್ಲಿಷಿನ ಮರ್ಜ್ ಕೂಡ ಲ್ಯಾಟಿನ್ನಿನ ‘ಮುಳುಗಿಸು’ವಿನಿಂದಲೇ ಬಂದದ್ದು. ಅವರ ಎಡವಟ್ಟನ್ನು ನಾವು ಸಂಸ್ಕೃತದಲ್ಲಿ ಮತ್ತೆ ಯಾಕೆ ಮಾಡಬೇಕು?

ನನ್ನ ಪದ ‘ಹೆಣೆ’. ಹಳಗನ್ನಡದ ಪೆಣೆ, ತಮಿಳಿನ ಪಿಣೈ. ಜಡೆ ಹೆಣೆದಾಗ ಎಳೆಗಳು ಒಂದಾಗುತ್ತವೆ, ಆದರೆ ಯಾವ ಎಳೆಯೂ ಹಿಂದುಮುಂದಾಗುವುದಿಲ್ಲ. ನಿಮ್ಮ 2, 5, 9 ಕೊನೆಯಲ್ಲೂ ಅದೇ ಸಾಲಿನಲ್ಲಿವೆ, ಅಲ್ವಾ? ಗೋಲ್ಡ್‌ಸ್ಟೈನ್ ಮತ್ತು ವಾನ್ ನಾಯ್ಮನ್ ಎಂಬ ಮೊದಲ ಕಾಲದ ಕಂಪ್ಯೂಟರ್ ತಜ್ಞರು 1948ರ ವರದಿಯಲ್ಲಿ ಇದನ್ನು ಕರೆದದ್ದೂ ‘ಮೆಶಿಂಗ್’ ಅಂತ. ಮೆಶ್ ಅಂದರೆ ಬಲೆ. ಬಲೆಯನ್ನು ಹೆಣೆಯುತ್ತಾರೆ, ವಿಲೀನಗೊಳಿಸುವುದಿಲ್ಲ. ಹೊಲಿ–ಹೊಲಿಗೆಯಂತೆ ಹೆಣೆ–ಹೆಣಿಗೆ. ಹೀಗೆ ಹೆಣೆಯುತ್ತಲೇ ಇಡೀ ಪಟ್ಟಿಯನ್ನು ಕ್ರಮಕ್ಕೆ ತರುವ ಮರ್ಜ್ ಸಾರ್ಟ್ ‘ಹೆಣಿಗೆ ವಿಂಗಡಣೆ’ ಆಗಲಿ.

—

ಮೆಶ್ ಅಂದರೆ ಗೇರಿನ ಹಲ್ಲುಗಳು ಕಚ್ಚಿಕೊಳ್ಳುವುದೂ ಹೌದು. ನಿಮಗೆ ಬೇಕಾದ ಅರ್ಥ ಮಾತ್ರ ಎತ್ತಿಕೊಂಡಿದ್ದೀರಿ. ಈಗ 1, 2, 3 ಮತ್ತು 7, 8, 9 ಕೊಡಿ. ಮೂರು ಹೋಲಿಕೆಗೆ ಮೊದಲ ಪಟ್ಟಿ ಮುಗಿಯಿತು, ಎರಡನೆಯದು ಅದರ ಬಾಲಕ್ಕೆ ಅಂಟಿತು. ಹೆಣೆದದ್ದು ಎಲ್ಲಿ?

ಇನ್ನು ‘ವಿಂಗಡಣೆ’ ದಯವಿಟ್ಟು ಬೇಡ. ವಿಂಗಡಿಸುವುದು ಅಂದರೆ ಬೇರೆ ಬೇರೆ ಮಾಡುವುದು. ಸಾರ್ಟ್‌ನಲ್ಲಿ ಎಲ್ಲವೂ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ‘ಓರಣ’ ಅನ್ನುವ ಚಂದದ ಪದ ಸುಮ್ನೆ ಬಿದ್ದಿದೆ, ಯಾರಿಗೂ ನೆನಪಿಲ್ಲ.

—

‘ಮರ್ಜ್’ ಅಂತಲೇ ಬರೆಯಿರಿ. ಪೈಥಾನ್‌ನ ಹೀಪ್‌ಕ್ಯೂ ಅನ್ನುವ ಸಿದ್ಧ ಕೋಡ್‌ಕಟ್ಟಿನಲ್ಲಿ ಈ ಕೆಲಸದ ಫಂಕ್ಷನ್ನಿನ ಹೆಸರೇ ಅದು. ಪಾಠ ಓದಿದವರು ನಾಳೆ ಟೈಪ್ ಮಾಡಬೇಕಾದ್ದೂ ಅದನ್ನೇ. ಕಾಗದ ಅನ್ನುವ ಪದ ಪಾರಸಿಯಿಂದ ಬಂತು. ಅದರ ಮೇಲೆ ಕನ್ನಡವನ್ನೇ ಬರೆದೆವು.

—

ಕಾಗದ ವಸ್ತು. ವಸ್ತು ಬರುವಾಗ ಹೆಸರನ್ನೂ ಹೊತ್ತು ತರುತ್ತದೆ. ಕೆಲಸದ ಹೆಸರನ್ನೇ ಎರವಲು ತಂದರೆ ಎಲ್ಲದಕ್ಕೂ ‘ಮಾಡು’ ಅಂಟಿಸುತ್ತಾ ಕೂರಬೇಕು: ಮರ್ಜ್ ಮಾಡು, ಸಾರ್ಟ್ ಮಾಡು, ಸ್ಪ್ಲಿಟ್ ಮಾಡು. ಕೊನೆಗೆ ಕನ್ನಡದ ಕ್ರಿಯಾಪದ ಅಂತ ಉಳಿಯುವುದು ‘ಮಾಡು’ ಒಂದೇ. ವಿಲೀನದವರೂ ಜಾಸ್ತಿ ಬೀಗಬೇಡಿ. ನಿಮ್ಮದು ‘ಗೊಳಿಸು’, ಅಷ್ಟೇ ವ್ಯತ್ಯಾಸ.

—

ಹಾಗಾದರೆ ಮೊದಲ ಪತ್ರದಿಂದ ‘ಪಾಠ’, ‘ಚಿತ್ರ’, ‘ಪದ’, ‘ರಾತ್ರಿ’ ಎಲ್ಲ ತೆಗೆದು ಪ್ರಶ್ನೆಯನ್ನು ಮತ್ತೆ ಬರೆಯಿರಿ. ನೋಡೋಣ.

—

ಚಿತ್ರ ಕಳಿಸಿಬಿಟ್ಟೆ. ಕೆಳಗೆ ‘ಓರಣ ಕೆಡದಂತೆ ಹೆಣೆಯುವುದು’ ಅಂತ ಹಾಕಿ, ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಮರ್ಜ್ ಅಂತ ಬರೆದಿದ್ದೇನೆ. 7, 8, 9ರ ತಕರಾರು ನಿಜವೇ. ಆದರೆ ನನ್ನ ಚಿತ್ರದಲ್ಲಿ ಆ ಪಟ್ಟಿ ಇಲ್ಲ.

ಮುಂದಿನ ಪುಟದಲ್ಲಿ ‘ಸ್ಟೇಬಲ್’ ಬರುತ್ತದೆ. ಎರಡು 5 ಎದುರಾದರೆ ಮೊದಲ ಪಟ್ಟಿಯ 5 ಮುಂದೆ ನಿಲ್ಲಬೇಕು, ಆ ಗುಣ. ‘ಸ್ಥಿರ’ ಅನ್ನೋಣ ಅಂದರೆ ಅದನ್ನು ಮೂರನೇ ಪಾಠದಲ್ಲೇ ಕಾನ್‌ಸ್ಟಂಟ್‌ಗೆ (ಬದಲಾಗದ ಬೆಲೆಗೆ) ಬಳಸಿಬಿಟ್ಟಿದ್ದೇನೆ. ಸೋಮವಾರದೊಳಗೆ ಬೇಕು.