ಬ್ಯಾಂಕ್ ಮ್ಯಾನೇಜರಿಗೆ ಬಂದ ‘ಪ್ರಿಯ ಫಸ್ಟ್‌ನೇಮ್’ ಮೇಲ್

ನಮ್ಮ ಧಾರವಾಡದ ಡಿಗ್ರಿ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಬರುವುದು ಶುಭೋದಯ, ಹುಟ್ಟುಹಬ್ಬ, ಯಾರದೋ ಮಗಳ ಮದುವೆ ಕಾರ್ಡು, ಅಷ್ಟೇ. ಕಳೆದ ಶನಿವಾರ ಮಾತ್ರ ರಾತ್ರಿ ಹನ್ನೊಂದೂವರೆವರೆಗೆ ಜಗಳ ನಡೆಯಿತು. ಅಡ್ಮಿನ್ ನಾನೇ, ಹಾಗಾಗಿ ಎಲ್ಲವನ್ನೂ ಓದಲೇಬೇಕಾಯಿತು. ಹೆಸರು ಹಾಕಬೇಡ ಎಂದು ಎಲ್ಲರೂ ಹೇಳಿದ್ದಾರೆ. ನನ್ನ ಫೋನಿನಲ್ಲಿ ಇರುವ ಅಡ್ಡಹೆಸರುಗಳನ್ನೇ ಹಾಕಿದ್ದೇನೆ. ಸಪ್ತಾಪುರ ಎಂದರೆ ಧಾರವಾಡದ ಕೋಚಿಂಗ್ ಬಡಾವಣೆ, ನಮ್ಮ ‘ಸರ್’ ಪಾಠ ಮಾಡುವುದು ಅಲ್ಲೇ. ಬೈಗುಳ ತೆಗೆದಿದ್ದೇನೆ. ಕೆಲವು ಬಹಳ ಚೆನ್ನಾಗಿದ್ದವು, ಆದರೂ ತೆಗೆದಿದ್ದೇನೆ.

ಸಪ್ತಾಪುರ ಸರ್: ದೋಸ್ತರೇ, ನನ್ನ ಎಫ್‌ಡಿಎ-ಎಸ್‌ಡಿಎ ಆನ್‌ಲೈನ್ ಕೋರ್ಸ್ ಮುಂದಿನ ತಿಂಗಳು ಶುರು. ಉಚಿತ ಪಿಡಿಎಫ್‌ಗೆ ಫಾರ್ಮ್ ತುಂಬಿದವರಿಗೆ ತಾನಾಗಿಯೇ ಹೋಗುವ ಸ್ವಾಗತ ಮೇಲ್‌ಗಳ ಪ್ಲಾನ್ ಇದು. ಹೇಗಿದೆ ಹೇಳಿ.
1ನೇ ದಿನ: ಸ್ವಾಗತ, ನನ್ನ ಕಥೆ.
2ನೇ ದಿನ: ‘ನಿಮ್ಮ ತಂದೆ ಇನ್ನೆಷ್ಟು ವರ್ಷ ದುಡಿಯಬೇಕು?’
3ನೇ ದಿನ: ಆಯ್ಕೆಯಾದವರ ಫೋಟೋ.
4ನೇ ದಿನ: 100 ಪ್ರಶ್ನೆಗಳ ಉಚಿತ ಪಿಡಿಎಫ್.
6ನೇ ದಿನ: ಕೋರ್ಸ್. ₹12,000 ಅಲ್ಲ, ಬರೀ ₹4,999.
8ನೇ ದಿನ: 9 ಸೀಟು ಮಾತ್ರ ಬಾಕಿ.
10ನೇ ದಿನ: ಇಂದು ರಾತ್ರಿ 12ಕ್ಕೆ ಬಾಗಿಲು ಬಂದ್.

ಹುಬ್ಬಳ್ಳಿ ಬ್ಯಾಂಕ್: ಇದು ನಿಂದೇನಾ? ನನಗೆ ಆಗಲೇ ಎರಡು ಬಂದಿವೆ! ‘ಪ್ರಿಯ ಫಸ್ಟ್‌ನೇಮ್, ಸರ್ಕಾರಿ ನೌಕರಿ ನಿಮ್ಮ ಕನಸೇ?’ ನನಗೆ 47 ವರ್ಷ. ಬ್ರಾಂಚ್ ಮ್ಯಾನೇಜರ್. ಎಫ್‌ಡಿಎ ಪರೀಕ್ಷೆಗೆ ಕೂರಬೇಕಾ ಈಗ?

ಸಪ್ತಾಪುರ ಸರ್: ಅದು ಟೆಸ್ಟಿಂಗ್. ಹೆಸರಿನ ಜಾಗ ಖಾಲಿ ಇದ್ದರೆ ಹಾಗೆ ಬರುತ್ತದೆ. ಸರಿ ಮಾಡುತ್ತೇನೆ.

ಹುಬ್ಬಳ್ಳಿ ಬ್ಯಾಂಕ್: ಹೆಸರಿನ ಮಾತು ಆಮೇಲೆ. ನನ್ನ ವಿಳಾಸ ಎಲ್ಲಿ ಸಿಕ್ಕಿತು?

ಸಪ್ತಾಪುರ ಸರ್: ಬೆಳ್ಳಿಹಬ್ಬದ ಸ್ನೇಹಕೂಟದ ಫಾರ್ಮ್‌ನಲ್ಲಿ. ನಮ್ಮವರೇ ಅಲ್ವಾ ಅಂತ ಹಾಕಿದೆ.

ಇಲ್ಲಿ ನಾನು ಸುಮ್ಮನಿದ್ದೆ. ಆ ಫಾರ್ಮ್ ಮಾಡಿದವನು ನಾನೇ. ಊಟಕ್ಕೆ ಎಷ್ಟು ಜನ, ಹೋಳಿಗೆ ಎಷ್ಟು ಬೇಕು ಎಂದು ತಿಳಿಯಲು. ಲಿಂಕ್ ಎಲ್ಲರಿಗೂ ತೆರೆದೇ ಇಟ್ಟಿದ್ದೆ.

ವಕೀಲರು: ಹೋಳಿಗೆ ಲೆಕ್ಕಕ್ಕೆ ಕೊಟ್ಟ ವಿಳಾಸವನ್ನು ಕೋರ್ಸ್ ಮಾರಲು ಬಳಸುವಂತಿಲ್ಲ. ಯಾವ ಕೆಲಸಕ್ಕೆ ಎಂದು ಹೇಳಿ ಪಡೆದರೋ ಆ ಕೆಲಸಕ್ಕೇ. 2023ರ ಡೇಟಾ ರಕ್ಷಣೆ ಕಾಯ್ದೆಯ ತಿರುಳೇ ಅದು.

ಹುಬ್ಬಳ್ಳಿ ಬ್ಯಾಂಕ್: ಇನ್ನೊಂದು ಕೇಳಿ. ಮೇಲ್ ಬೇಡ ಎಂದು ಒತ್ತಲು ಹೋದೆ. ಅಲ್ಲಿ ಎರಡು ಬಟನ್. ‘ಹೌದು, ನಾನು ಗೆಲ್ಲುತ್ತೇನೆ.’ ‘ಇಲ್ಲ, ನನಗೆ ಯಶಸ್ಸು ಬೇಡ.’ ಯಶಸ್ಸು ಬೇಡ ಎಂದು ಒತ್ತಿ ಹೊರಗೆ ಬಂದೆ. ಹೆಂಡತಿ ಪಕ್ಕದಲ್ಲೇ ಇದ್ದಳು. ಇಪ್ಪತ್ತು ವರ್ಷದಿಂದ ಗೊತ್ತಿದ್ದದ್ದೇ ಎಂದಳು.

(ಇಲ್ಲಿಗೆ ಮೂವತ್ತು ನಗುವ ಮುಖಗಳು. ಜಗಳ ಮುಗಿಯಿತು ಅಂದುಕೊಂಡೆ.)

ಪುಣೆ ಐಟಿ: ಪೇಮೆಂಟ್ ಪೇಜ್ ತೆರೆದು ನೋಡಿದೆ. 48 ಗಂಟೆಯ ಗಡಿಯಾರ ಓಡುತ್ತಿದೆ. ರಿಫ್ರೆಶ್ ಮಾಡಿದೆ. ಮತ್ತೆ 48 ಗಂಟೆ! ಕೊನೆಯ ಪೇಜಿನಲ್ಲಿ 18% ಜಿಎಸ್‌ಟಿ ಸೇರಿ ₹5,899 ಆಯಿತು. ಮತ್ತೆ ರೆಕಾರ್ಡ್ ಮಾಡಿದ ವಿಡಿಯೋಗೆ 9 ಸೀಟು ಅಂದರೆ ಏನಪ್ಪಾ? ಅಲ್ಲಿ ಬೆಂಚ್ ಹಾಕಿದ್ದೀಯಾ?

ವಕೀಲರು: ನೀವಿಬ್ಬರೂ ಹೇಳಿದ್ದಕ್ಕೆಲ್ಲ ಸರ್ಕಾರ ಹೆಸರಿಟ್ಟಿದೆ. 2023ರ ನವೆಂಬರ್ 30ರಂದು ‘ಡಾರ್ಕ್ ಪ್ಯಾಟರ್ನ್’ ಮಾರ್ಗಸೂಚಿ ಬಂತು, 13 ಬಗೆಯ ಮೋಸದ ಪಟ್ಟಿ. ಸುಳ್ಳು ಅವಸರ ಹುಟ್ಟಿಸುವುದು, ಬೇಡ ಎಂದವನನ್ನು ನಾಚಿಸುವುದು, ಬೆಲೆಯನ್ನು ಹನಿ ಹನಿಯಾಗಿ ತೋರಿಸುವುದು, ಮೂರೂ ಅದರಲ್ಲಿವೆ. 2024ರ ನವೆಂಬರ್‌ನಲ್ಲಿ ಕೋಚಿಂಗ್ ಜಾಹೀರಾತಿಗೇ ಬೇರೆ ಮಾರ್ಗಸೂಚಿ ಬಂತು. 50ಕ್ಕಿಂತ ಜಾಸ್ತಿ ವಿದ್ಯಾರ್ಥಿಗಳಿದ್ದರೆ ಅನ್ವಯ. ಪಾಸಾದವರ ಫೋಟೋ ಹಾಕಲು ಪಾಸಾದ ಮೇಲೆ ಬರಹದಲ್ಲಿ ಒಪ್ಪಿಗೆ ಬೇಕು. ಅವರು ಯಾವ ಕೋರ್ಸ್ ಮಾಡಿದ್ದರು, ಎಷ್ಟು ದಿನ, ದುಡ್ಡು ಕೊಟ್ಟೋ ಪುಕ್ಕಟೆಯೋ, ಅದನ್ನೂ ಹೇಳಬೇಕು. ಸರ್, ನಿನ್ನ ಮೂರನೇ ದಿನದ ಫೋಟೋಗಳಲ್ಲಿ ಎಷ್ಟು ಜನ ಬರೀ ಮಾಕ್ ಟೆಸ್ಟ್‌ಗೆ ಬಂದವರು?

ಸಪ್ತಾಪುರ ಸರ್: ಎಲ್ಲರೂ ಹಾಗೇ ಮಾಡುತ್ತಾರೆ ಸ್ವಾಮಿ.

ಅದಕ್ಕೆ ವಕೀಲರು ಒಂದು ಕೈಮುಗಿದ ಚಿತ್ರ ಮಾತ್ರ ಹಾಕಿದರು. ಮುಂದಿನದು ಬಂದದ್ದು ಹತ್ತು ನಿಮಿಷ ಬಿಟ್ಟು. ಅದನ್ನು ಪೂರ್ತಿ ಹಾಕುತ್ತೇನೆ.

ರಾಣೆಬೆನ್ನೂರು ಟೀಚರ್: ಗಡಿಯಾರ, ಸೀಟು, ಅದೆಲ್ಲ ಹಾಳಾಗಲಿ. ನನಗೆ ಎರಡನೇ ದಿನದ್ದು ಓದಿ ಹೊಟ್ಟೆ ಉರಿಯಿತು. ‘ನಿಮ್ಮ ತಂದೆ ಇನ್ನೆಷ್ಟು ವರ್ಷ ದುಡಿಯಬೇಕು?’ ಇದನ್ನು ಯಾರಿಗೆ ಕಳಿಸುತ್ತೀಯಾ? ನನ್ನ ಹಳೇ ವಿದ್ಯಾರ್ಥಿ ಒಬ್ಬ ನಿಮ್ಮ ಸಪ್ತಾಪುರದಲ್ಲೇ ರೂಮ್ ಮಾಡಿಕೊಂಡು ಓದುತ್ತಿದ್ದಾನೆ. ನಾಲ್ಕು ಜನಕ್ಕೆ ಒಂದು ರೂಮ್, ಬೆಳಗ್ಗೆಯಿಂದ ರೀಡಿಂಗ್ ರೂಮ್. ಅವನ ಅಪ್ಪ ಹೋದ ವರ್ಷ ಹೊಲದಲ್ಲೇ ಹಾವು ಕಚ್ಚಿ ತೀರಿಕೊಂಡ. ಅವನು ಪಿಡಿಎಫ್ ಬೇಕು ಎಂದು ಫಾರ್ಮ್ ತುಂಬುತ್ತಾನೆ. ಮರುದಿನ ಬೆಳಗ್ಗೆ ಆರಕ್ಕೆ ಈ ಸಾಲು. ನೀನು ಎದುರಿಗೆ ಕೂತು ಅವನಿಗೆ ಹೀಗೆ ಕೇಳುತ್ತಿದ್ದೆಯಾ? ಕೇಳುತ್ತಿರಲಿಲ್ಲ. ಮುಖ ನೋಡುತ್ತಿದ್ದೆ, ಸುಮ್ಮನಾಗುತ್ತಿದ್ದೆ. ಮೆಷಿನ್ ಮುಖ ನೋಡುವುದಿಲ್ಲ.

ಇನ್ನೊಂದು ಮಾತು. ನಮ್ಮ ಕಡೆ ಹುಡುಗರಿಗೆ ಮೇಲ್ ಐಡಿ ಮಾಡಿಕೊಟ್ಟಿದ್ದು ಸೈಬರ್ ಸೆಂಟರಿನವನು. ಅರ್ಜಿ ಹಾಕುವಾಗ ಪಾಸ್‌ವರ್ಡ್ ಅವನ ನೋಟ್‌ಬುಕ್‌ನಲ್ಲಿ. ಎಷ್ಟೋ ಸಲ ಅವನದೇ ಐಡಿ ಹಾಕಿರುತ್ತಾನೆ. ನಿನ್ನ ಪಟ್ಟಿಯಲ್ಲಿ ಒಂದೇ ವಿಳಾಸ ಎಷ್ಟು ಸಲ ಇದೆ, ನೋಡಿದ್ದೀಯಾ?

ಸಪ್ತಾಪುರ ಸರ್: ಈಗ ನೋಡಿದೆ. ಒಂದೇ ವಿಳಾಸ 43 ಸಲ ಇದೆ.

ಗದಗ ಪ್ರೆಸ್: ಆ ಸೈಬರ್‌ನವನಿಗೆ ನೌಕರಿ ಗ್ಯಾರಂಟಿ.

ಸಪ್ತಾಪುರ ಸರ್: ನಗಿ, ನಗಿ. ನನ್ನ ಕಡೆಯೂ ಸ್ವಲ್ಪ ಕೇಳಿ. ಒಂಬತ್ತು ವರ್ಷದಿಂದ ಬಾಡಿಗೆ ಹಾಲ್‌ನಲ್ಲಿ ಪಾಠ ಮಾಡುತ್ತಿದ್ದೇನೆ. ಬಾಡಿಗೆ ಏರುತ್ತದೆ, ಪರೀಕ್ಷೆ ಮುಂದೆ ಹೋಗುತ್ತದೆ, ಪರೀಕ್ಷೆ ಮುಂದೆ ಹೋದರೆ ಹುಡುಗರು ಊರಿಗೆ ಹೋಗುತ್ತಾರೆ. ದೊಡ್ಡ ಆ್ಯಪ್‌ಗಳು ಜಾಹೀರಾತಿಗೆ ಸುರಿಯುವ ದುಡ್ಡು ನನ್ನ ಹತ್ತಿರ ಇಲ್ಲ. ರಾತ್ರಿ 11ಕ್ಕೂ ‘ಸರ್ ಫೀ ಎಷ್ಟು’, ‘ಸರ್ ಸಿಲಬಸ್ ಕಳಿಸಿ’. ಮುನ್ನೂರು ಜನಕ್ಕೆ ಒಂದೇ ಉತ್ತರ ಬರೆದು ಬೆರಳು ಸವೆದಿವೆ. ಅದಕ್ಕೇ ಮೆಷಿನ್.

ಗದಗ ಪ್ರೆಸ್: ಕೈಯಾರೆ ಬರೆದರೇ ಮರ್ಯಾದೆ ಅಂತ ನನ್ನ ಅಭಿಪ್ರಾಯ.

ಸಪ್ತಾಪುರ ಸರ್: ನೀನು ಹೇಳುತ್ತೀಯಾ? ಬದುಕಿನುದ್ದಕ್ಕೂ ‘ತಾವು ಸಕುಟುಂಬ ಸಮೇತ ಆಗಮಿಸಿ’ ಎಂದು ಐನೂರು ಪ್ರತಿ ಒಂದೇ ಸಲ ಹೊಡೆದವನು ನೀನು!

ಇದಕ್ಕೆ ಗದಗಿನಿಂದ ಉತ್ತರ ಬರಲಿಲ್ಲ. ನನಗೂ ಸರ್ ಹೇಳಿದ್ದು ಸರಿ ಅನ್ನಿಸಿತು. ಲಗ್ನಪತ್ರಿಕೆ ಎಲ್ಲರಿಗೂ ಒಂದೇ. ಯಾರೂ ಅದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಆದರೆ ಅದರಲ್ಲಿ ಮುಹೂರ್ತ ಮಾತ್ರ ನಿಜವೇ ಇರುತ್ತದೆ.

ಬ್ಯಾಡಗಿ ಸಾಹುಕಾರ: ನನಗೆ ಮೇಲ್ ಗೀಲ್ ತಿಳಿಯುವುದಿಲ್ಲ. ವ್ಯಾಪಾರ ತಿಳಿಯುತ್ತದೆ. ನಮ್ಮ ಮೆಣಸಿನಕಾಯಿ ಮಾರ್ಕೆಟ್‌ನಲ್ಲಿ ಮೊದಲು ಚೀಲದ ಬಾಯಿ ಬಿಚ್ಚುತ್ತೇವೆ. ಕೊಳ್ಳುವವನು ಕೈ ಹಾಕಿ ಒಳಗಿನ ಕಾಯಿ ತೆಗೆಯುತ್ತಾನೆ, ಬಣ್ಣ ನೋಡುತ್ತಾನೆ, ಮುರಿದು ಮೂಸುತ್ತಾನೆ. ಆಮೇಲೆ ದರದ ಮಾತು. ನೀನು ಪಿಡಿಎಫ್ ಕೊಡುತ್ತೇನೆ ಎಂದು ಕರೆದು ಮೂರು ದಿನ ನಿನ್ನ ಕಥೆ ಹೇಳುತ್ತೀಯಾ. ಚೀಲ ಬಿಚ್ಚೋದು ನಾಲ್ಕನೇ ದಿನ. ಅಷ್ಟೊತ್ತಿಗೆ ಗಿರಾಕಿ ರಾಣೆಬೆನ್ನೂರು ದಾಟಿರುತ್ತಾನೆ.

ರಾಣೆಬೆನ್ನೂರು ಟೀಚರ್: ನಮ್ಮ ಊರನ್ನು ಯಾಕೆ ತರುತ್ತೀಯಾ ನಡುವೆ.

ಪುಣೆ ಐಟಿ: ಸಾಹುಕಾರ ಹೇಳಿದ್ದನ್ನೇ ನಮ್ಮ ಮಾರ್ಕೆಟಿಂಗ್‌ನವರು ಅರ್ಧ ದಿನದ ಟ್ರೇನಿಂಗ್‌ನಲ್ಲಿ ಹೇಳಿದರು. ಸ್ವಾಗತ ಮೇಲ್ ಫಾರ್ಮ್ ತುಂಬಿದ ನಿಮಿಷದಲ್ಲೇ ಹೋಗಬೇಕು, ಕೇಳಿದ ವಸ್ತು ಅದರಲ್ಲೇ ಇರಬೇಕು. ಆಗ ಹುಡುಗ ಫೋನ್ ಹಿಡಿದೇ ಕಾಯುತ್ತಿರುತ್ತಾನೆ. ಸೈಬರ್ ಸಮಸ್ಯೆಗೂ ದಾರಿ ಇದೆ. ಮೊದಲು ‘ನೀವೇ ಹೌದಾ’ ಎಂಬ ಲಿಂಕ್ ಕಳಿಸು. ಒತ್ತಿದವರನ್ನು ಮಾತ್ರ ಪಟ್ಟಿಗೆ ಸೇರಿಸು. ಪಟ್ಟಿ ಅರ್ಧ ಆಗಬಹುದು, ಆಗಲಿ. ಕೋರ್ಸ್ ಕೊಂಡವನಿಗೆ ಆ ಕ್ಷಣವೇ ಈ ಸರಣಿ ನಿಲ್ಲಬೇಕು. ಇಲ್ಲದಿದ್ದರೆ ದುಡ್ಡು ಕೊಟ್ಟ ಮರುದಿನ ‘ಇನ್ನೂ ಯೋಚಿಸುತ್ತಿದ್ದೀರಾ’ ಎಂದು ಹೋಗುತ್ತದೆ.

ಸಪ್ತಾಪುರ ಸರ್: ಅರ್ಧಕ್ಕರ್ಧ ಜನ ಓಪನ್ ಮಾಡಿದ್ದಾರೆ ಎಂದು ತೋರಿಸುತ್ತಿದೆಯಲ್ಲ?

ಪುಣೆ ಐಟಿ: ಅದನ್ನು ಜಾಸ್ತಿ ನಂಬಬೇಡ. ಮೇಲ್‌ನೊಳಗಿನ ಚಿತ್ರ ಇಳಿದರೆ ಓಪನ್ ಆಯಿತು ಎಂದು ಲೆಕ್ಕ. 2021ರಿಂದ ಐಫೋನಿನ ಮೇಲ್ ಆ್ಯಪ್ ಯಾರೂ ತೆರೆಯದಿದ್ದರೂ ಚಿತ್ರಗಳನ್ನು ಮೊದಲೇ ಇಳಿಸಿಕೊಳ್ಳುತ್ತದೆ, ಲೆಕ್ಕದಲ್ಲಿ ತೆರೆದ ಹಾಗೆ ಕಾಣುತ್ತದೆ. ಎಷ್ಟು ಜನ ಉತ್ತರ ಬರೆದರು, ಅದನ್ನು ಎಣಿಸು. ಮತ್ತೆ ಜಿಮೇಲ್ ವಿಳಾಸದಿಂದ ಸಾವಿರಾರು ಕಳಿಸಬೇಡ. ಸ್ವಂತ ಡೊಮೇನ್, ಅಂದರೆ ನಿನ್ನದೇ ವೆಬ್ ವಿಳಾಸ ತಗೋ. ಮೇಲ್ ನಿಜವಾಗಿ ನಿನ್ನದೇ ಎಂದು ತೋರಿಸುವ ಎಸ್‌ಪಿಎಫ್, ಡಿಕೆಐಎಂ ಹಾಕಿಸು. ಜಿಮೇಲ್‌ನವರಿಗೆ ದಿನಕ್ಕೆ 5,000 ದಾಟಿದರೆ, ಆ ಪರೀಕ್ಷೆಯಲ್ಲಿ ಫೇಲಾದ ಮೇಲನ್ನು ಏನು ಮಾಡಬೇಕು ಎಂದು ಹೇಳುವ ಡಿಮಾರ್ಕ್ ಕೂಡ ಬೇಕು, ಒಂದೇ ಒತ್ತಿನಲ್ಲಿ ಹೊರಗೆ ಹೋಗುವ ದಾರಿಯೂ ಬೇಕು. ಗೂಗಲ್ 2024ರ ಫೆಬ್ರವರಿಯಿಂದ ಈ ನಿಯಮ ತಂದಿದೆ. ಸ್ಪ್ಯಾಮ್ ಎಂದು ಒತ್ತುವವರು 0.3% ಮುಟ್ಟಬಾರದು. ಸಾವಿರಕ್ಕೆ ಮೂರು ಜನ ಅಷ್ಟೇ. ನಮ್ಮ ಬ್ಯಾಚಿನಲ್ಲೇ ಒಬ್ಬ ಆಗಲೇ ಒತ್ತಿರಬೇಕು.

ಹುಬ್ಬಳ್ಳಿ ಬ್ಯಾಂಕ್: ನಾನೇ. ಎರಡು ಸಲ.

ಆಮೇಲೆ ಅರ್ಧ ಗಂಟೆ ಯಾರೂ ಮಾತಾಡಲಿಲ್ಲ. ನಾನು ಸ್ನೇಹಕೂಟದ ಫಾರ್ಮ್ ಬಂದ್ ಮಾಡಿ, ಗುಂಪಿನಲ್ಲಿ ಕ್ಷಮೆ ಕೇಳಿದೆ. ಸರ್ ಸಿಟ್ಟು ಮಾಡಿಕೊಂಡು ಗುಂಪು ಬಿಡುತ್ತಾನೆ ಎಂದು ಎಲ್ಲರಿಗೂ ಅನುಮಾನ. ಒಮ್ಮೆ ಕ್ರಿಕೆಟ್ ವಿಷಯಕ್ಕೇ ಬಿಟ್ಟಿದ್ದ.

ಸಪ್ತಾಪುರ ಸರ್: ಬ್ಯಾಚಿನವರ ವಿಳಾಸಗಳನ್ನು ಪಟ್ಟಿಯಿಂದ ತೆಗೆದೆ. ಎರಡನೇ ದಿನದ್ದೂ ತೆಗೆದೆ. ಟೀಚರ್, ಅದು ನಾನು ಬರೆದ ಸಾಲಲ್ಲ, ಯಾವುದೋ ರೆಡಿಮೇಡ್ ಪ್ಲಾನ್‌ನಿಂದ ಎತ್ತಿದ್ದು. ಹಾಗಂತ ತಪ್ಪು ಕಡಿಮೆ ಆಗಲ್ಲ. ಮೊದಲ ಮೇಲ್ ಈಗ ಹೀಗಿದೆ:

‘ನಮಸ್ಕಾರ. ನೀವು ಕೇಳಿದ 100 ಪ್ರಶ್ನೆಗಳ ಪಿಡಿಎಫ್ ಇದರ ಜೊತೆಗಿದೆ. ಮುಂದಿನ ಎರಡು ವಾರದಲ್ಲಿ ಇನ್ನು ಮೂರು ಮೇಲ್ ಬರುತ್ತವೆ. ಎರಡರಲ್ಲಿ ಪಾಠ, ಒಂದರಲ್ಲಿ ನನ್ನ ಕೋರ್ಸ್ ಬಗ್ಗೆ. ಅದರ ಫೀ ಜಿಎಸ್‌ಟಿ ಸೇರಿ ₹4,999. ಬೇಡ ಎನಿಸಿದರೆ ಕೆಳಗೆ ಒಮ್ಮೆ ಒತ್ತಿ, ಮತ್ತೆ ಬರೆಯುವುದಿಲ್ಲ. ನಿಮಗೆ ಯಾವ ವಿಷಯ ಕಷ್ಟ ಅನ್ನಿಸುತ್ತದೆ? ಈ ಮೇಲ್‌ಗೇ ಉತ್ತರ ಬರೆಯಿರಿ, ನಾನೇ ಓದುತ್ತೇನೆ.’

ಬ್ಯಾಡಗಿ ಸಾಹುಕಾರ: ಈಗ ಚೀಲದ ಬಾಯಿ ಬಿಚ್ಚಿದೆ.

ಹುಬ್ಬಳ್ಳಿ ಬ್ಯಾಂಕ್: ಜಿಎಸ್‌ಟಿ ನಿನ್ನ ಕೈಯಿಂದ ಹೋಗುತ್ತದೆ, ಲೆಕ್ಕ ಹಾಕಿದ್ದೀಯಾ?

ಸಪ್ತಾಪುರ ಸರ್: ಹಾಕಿದೆ. ನಿದ್ದೆ ಬರುತ್ತಿಲ್ಲ. ಟೀಚರ್, ನಿಮಗೊಂದು ಕಳಿಸಿದ್ದೇನೆ. ಅನುಮತಿ ಕೇಳಿಯೇ ಕಳಿಸಬೇಕಿತ್ತು, ಕ್ಷಮಿಸಿ.

ರಾಣೆಬೆನ್ನೂರು ಟೀಚರ್: ಬಂತು. ಸ್ಪ್ಯಾಮ್‌ನಲ್ಲಿ ಇತ್ತು. ಪಿಡಿಎಫ್ ತೆರೆಯಿತು. 14ನೇ ಪ್ರಶ್ನೆ: ಕರ್ನಾಟಕ ವಿದ್ಯಾವರ್ಧಕ ಸಂಘ ಸ್ಥಾಪನೆಯಾದ ವರ್ಷ? ನಿನ್ನ ಉತ್ತರ 1915. ಅದು ಬೆಂಗಳೂರಿನ ಸಾಹಿತ್ಯ ಪರಿಷತ್ತಿನದು. ಸಂಘದ್ದು 1890. ಧಾರವಾಡದಲ್ಲೇ ಕೂತು ಹೀಗೆ ಬರೆದಿದ್ದೀಯಲ್ಲೋ!

ಸಪ್ತಾಪುರ ಸರ್: ಅಯ್ಯೋ. ಆಗಲೇ 212 ಜನಕ್ಕೆ ಹೋಗಿದೆ.